ಕಾರಿನ ಸ್ಕ್ಯಾನರ್: ಅಳೆದ ಅಂಕಿ ಯಾವುದು, ಲೆಕ್ಕದ ಅಂಕಿ ಯಾವುದು?

ಕಾರಿನ ಮೀಟರ್ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ಈಗ ಗ್ಯಾರೇಜಿನಲ್ಲಿ ಮೊದಲು ತೆರೆಯುವುದು ಬಾನೆಟ್ಟನ್ನಲ್ಲ, ಲ್ಯಾಪ್‌ಟಾಪನ್ನು. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನುಗಳ ಕನೆಕ್ಟರಿಗೆ ಒಂದು ಅಡಾಪ್ಟರನ್ನು ಸಿಕ್ಕಿಸುತ್ತಾರೆ. ಅದು ಕೇಬಲಿನ ಮೂಲಕವೋ ಬ್ಲೂಟೂತ್ ಮೂಲಕವೋ ಗಣಕಕ್ಕೆ ಜೋಡಣೆಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ನಿನ ಸುತ್ತುಗಳು, ತಂಪು ನೀರಿನ ಉಷ್ಣತೆ, ಒಳಬರುವ ಗಾಳಿಯ ಪ್ರಮಾಣ, ಆಮ್ಲಜನಕ ಸಂವೇದಕದ ವೋಲ್ಟೇಜು ಹೀಗೆ ಹತ್ತಾರು ಅಂಕಿಗಳು ಪರದೆಯ ಮೇಲೆ ಮೂಡುತ್ತವೆ. ಕೆಲವು ನೂರು ರೂಪಾಯಿಗೆ ಸಿಗುವ ಅಡಾಪ್ಟರುಗಳು ಬಂದ ಮೇಲೆ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಕೈಗೂ ಈ ಸಾಧನ ಎಟುಕಿದೆ. ಇದು ಸಂತೋಷದ ಸಂಗತಿಯೇ. ಆದರೆ ಪಠ್ಯಪುಸ್ತಕವನ್ನು ವಿಮರ್ಶೆ ಮಾಡುವ ನಾವು ಪ್ರಯೋಗಶಾಲೆಗೆ ಬಂದ ಉಪಕರಣವನ್ನು ಮಾತ್ರ ಪೆಟ್ಟಿಗೆಯ ಮೇಲಿನ ಬರಹವನ್ನು ನಂಬಿ ಒಪ್ಪಿಕೊಂಡುಬಿಡುತ್ತೇವೆ. ಸ್ಕ್ಯಾನರ್ ಒಳ್ಳೆಯ ಸಾಧನ. ಅದರ ದೊಡ್ಡ ದೋಷವೆಂದರೆ ನೇರವಾಗಿ ಅಳೆದದ್ದು, ಸೂತ್ರ ಹಾಕಿ ಪಡೆದದ್ದು, ಬರೀ ಊಹಿಸಿದ್ದು ಈ ಮೂರನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಧೈರ್ಯದಿಂದ ತೋರಿಸುವುದು.

ಈ ವ್ಯವಸ್ಥೆ ಹುಟ್ಟಿದ್ದು ರಿಪೇರಿಯ ಅನುಕೂಲಕ್ಕಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಲಾಸ್ ಏಂಜಲೀಸ್ ನಗರದ ಹೊಗೆಮಂಜಿನಿಂದ ಬೇಸತ್ತ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯು 1988ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು, ಹೊಗೆ ನಿಯಂತ್ರಣದ ಭಾಗಗಳು ಕೆಟ್ಟರೆ ಕಾರೇ ತಿಳಿಸಬೇಕು ಎಂದು ವಿಧಿಸಿತು. ಪ್ರತಿ ತಯಾರಕರೂ ತಮಗೆ ತೋಚಿದ ಕನೆಕ್ಟರು, ತಮಗೆ ತೋಚಿದ ಸಂಕೇತ ಬಳಸಿದ್ದರಿಂದ ಗೊಂದಲವಾಯಿತು. ಎರಡನೆಯ ಹಂತದಲ್ಲಿ, ಅಂದರೆ 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಒಂದೇ ಕನೆಕ್ಟರು, ಒಂದೇ ಬಗೆಯ ದೋಷ ಸಂಕೇತ ಕಡ್ಡಾಯವಾಯಿತು. ಇದೇ ಓಬಿಡಿ-2. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇಂಥದೇ ನಿಯಮ ಬಂತು. ಭಾರತದಲ್ಲಿ ಭಾರತ್ ಸ್ಟೇಜ್ 4ರ ಕಾರುಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ ಜಾರಿಯಾಯಿತು. ಹೀಗಾಗಿ ಎಲ್ಲ ಕಾರುಗಳಲ್ಲೂ ಸಿಗಲೇಬೇಕಾದ ಮಾಹಿತಿ ಹೊಗೆಗೆ ಸಂಬಂಧಿಸಿದ್ದು ಮಾತ್ರ. ಬ್ರೇಕು, ಏರ್‌ಬ್ಯಾಗು, ಹವಾನಿಯಂತ್ರಣದ ವಿಷಯವನ್ನು ಅಗ್ಗದ ಸ್ಕ್ಯಾನರ್ ಹೇಳದಿದ್ದರೆ ಅದು ಸ್ಕ್ಯಾನರಿನ ತಪ್ಪಲ್ಲ.

ಸಾಧನದ ಕೆಲಸ ಸರಳ ಪ್ರಶ್ನೋತ್ತರ. ಗಣಕವು ಒಂದು ಸಂಖ್ಯೆಯನ್ನು ಕಳುಹಿಸಿ ಪ್ರಶ್ನೆ ಕೇಳುತ್ತದೆ. ಎಂಜಿನ್ ನಿಯಂತ್ರಕ ಒಂದೋ ಎರಡೋ ಬೈಟುಗಳಲ್ಲಿ ಉತ್ತರ ಕೊಡುತ್ತದೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಕೇಳಿದಾಗ 11 ಮತ್ತು 184 ಎಂಬ ಎರಡು ಬೈಟುಗಳು ಬಂದವೆನ್ನೋಣ. ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 3000. ಅದನ್ನು 4ರಿಂದ ಭಾಗಿಸಿದರೆ ನಿಮಿಷಕ್ಕೆ 750 ಸುತ್ತು. ತಂಪು ನೀರಿನ ಉಷ್ಣತೆಗೆ ಒಂದೇ ಬೈಟು, ಅದರಿಂದ 40 ಕಳೆದರೆ ಸೆಲ್ಸಿಯಸ್ ಡಿಗ್ರಿ ಸಿಗುತ್ತದೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಲು ಸಾಧ್ಯವಾದ್ದರಿಂದ ಈ ಉಷ್ಣತಾಮಾಪಕದ ವ್ಯಾಪ್ತಿ -40ರಿಂದ 215 ಡಿಗ್ರಿ. ದ್ವಿಮಾನ ಸಂಖ್ಯಾಪದ್ಧತಿಯ ಪಾಠಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಹುಡುಕುವುದು ಕಷ್ಟ. ಆದರೆ ಹೆಚ್ಚಿನ ತಂತ್ರಾಂಶಗಳು ಈ ಬೈಟುಗಳನ್ನು ಬಚ್ಚಿಟ್ಟು ಮುಳ್ಳು ತಿರುಗುವ ಬಣ್ಣದ ಡಯಲುಗಳನ್ನಷ್ಟೇ ತೋರಿಸುತ್ತವೆ. ಕಲಿಯುವವನಿಗೆ ನಷ್ಟವಾಗುವುದು ಇಲ್ಲೇ.

ಮೈನಸ್ 40 ಡಿಗ್ರಿ ಎಂಬ ಅಂಕಿಯನ್ನೇ ನೋಡಿ. ಬಳ್ಳಾರಿಯ ಬೇಸಿಗೆಯಲ್ಲಿ ನಿಂತ ಕಾರಿನ ಪರದೆಯ ಮೇಲೂ ನೀರಿನ ಉಷ್ಣತೆ -40 ಎಂದು ಕಾಣಿಸಬಹುದು. ನೀರಿನ ಸಂವೇದಕವೆಂದರೆ ಬಿಸಿಯಾದಂತೆ ರೋಧ ಕಡಿಮೆಯಾಗುವ ಒಂದು ಥರ್ಮಿಸ್ಟರ್. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ರೋಧವಿರುತ್ತದೆ. ಅದರ ತಂತಿ ತುಂಡಾದರೆ ರೋಧ ಅನಂತ. ರೋಧ ಹೆಚ್ಚೆಂದರೆ ಚಳಿ ಹೆಚ್ಚು ಎಂದಷ್ಟೇ ತಿಳಿದಿರುವ ನಿಯಂತ್ರಕ ತನ್ನ ಪಟ್ಟಿಯ ತೀರಾ ಕೆಳಗಿನ ಅಂಕಿಯನ್ನು ಕಳುಹಿಸುತ್ತದೆ. ಪರದೆಯ ಮೇಲಿರುವುದು ಉಷ್ಣತೆಯಲ್ಲ, ತುಂಡಾದ ತಂತಿ! ಇದನ್ನು ಬಲ್ಲ ಮೆಕ್ಯಾನಿಕ್ ನೇರವಾಗಿ ಸಂವೇದಕದ ಪ್ಲಗ್ಗಿಗೆ ಕೈಹಾಕುತ್ತಾನೆ. ತಿಳಿಯದವನು ಥರ್ಮೋಸ್ಟಾಟನ್ನು ಬದಲಾಯಿಸುತ್ತಾನೆ.

ಇದು ಅಳೆದ ಅಂಕಿಯ ಕಥೆಯಾಯಿತು. ಲೆಕ್ಕದ ಅಂಕಿಗಳ ಪಾಡು ಇನ್ನೂ ಸ್ವಾರಸ್ಯಕರ. ಎಷ್ಟು ಪೆಟ್ರೋಲ್ ಖರ್ಚಾಗುತ್ತಿದೆ ಎಂದು ತೋರಿಸುವ ತಂತ್ರಾಂಶಗಳನ್ನು ಜನ ಬಹಳ ಇಷ್ಟಪಡುತ್ತಾರೆ. ಹೆಚ್ಚಿನ ಕಾರುಗಳು ಇಂಧನದ ಹರಿವನ್ನು ನೇರವಾಗಿ ಹೊರಗೆ ತಿಳಿಸುವುದಿಲ್ಲ. ತಂತ್ರಾಂಶವು ಒಳಬರುವ ಗಾಳಿಯ ದ್ರವ್ಯರಾಶಿಯನ್ನು ಪಡೆದು ಅದನ್ನು 14.7ರಿಂದ ಭಾಗಿಸುತ್ತದೆ. ಒಂದು ಗ್ರಾಮ್ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಮ್ ಗಾಳಿ ಬೇಕೆಂಬುದು ಇದರ ಆಧಾರ. ಕಾರು ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ಸೆಕೆಂಡಿಗೆ 3 ಗ್ರಾಮ್ ಗಾಳಿ ಎಂದಿಟ್ಟುಕೊಂಡರೆ ಇಂಧನ 0.204 ಗ್ರಾಮ್. ಗಂಟೆಗೆ ಸುಮಾರು 735 ಗ್ರಾಮ್. ಪೆಟ್ರೋಲಿನ ಸಾಂದ್ರತೆ ಲೀಟರಿಗೆ 745 ಗ್ರಾಮ್ ಎಂದು ಹಿಡಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ ಎಂದು ಮಕ್ಕಳಿಗೆ ಹೇಳುವ ಶಿಕ್ಷಕರಿಗೆ ಈ ಲೆಕ್ಕ ಉಪಯುಕ್ತ.

ಆದರೆ ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶುದ್ಧ ಪೆಟ್ರೋಲಲ್ಲ. 2025ರ ಹೊತ್ತಿಗೆ ದೇಶವು ಶೇಕಡ 20 ಎಥನಾಲ್ ಬೆರಕೆಯ ಮಟ್ಟವನ್ನು ಮುಟ್ಟಿತು. ಎಥನಾಲಿನ ಅಣುವಿನಲ್ಲೇ ಆಮ್ಲಜನಕವಿರುವುದರಿಂದ ಅದರ ಒಂದು ಗ್ರಾಮಿಗೆ 9 ಗ್ರಾಮ್ ಗಾಳಿ ಸಾಕು. ಗಾತ್ರದಲ್ಲಿ ಶೇಕಡ 20 ಬೆರಕೆ ಇದ್ದರೆ ಒಟ್ಟು ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ. 14.7 ಎಂದೇ ಹಟ ಹಿಡಿದ ತಂತ್ರಾಂಶ ಇಂಧನದ ಖರ್ಚನ್ನು ಶೇಕಡ 8ರಷ್ಟು ಕಡಿಮೆ ತೋರಿಸುತ್ತದೆ. ಅಂದರೆ ಮೈಲೇಜು ಪರದೆಯ ಮೇಲೆ ಚೆನ್ನಾಗಿದೆ, ಟ್ಯಾಂಕಿನಲ್ಲಿ ಇಲ್ಲ. ಈ ಸ್ಥಿರಾಂಕವನ್ನು ಬದಲಿಸುವ ಅವಕಾಶ ಕೆಲವು ತಂತ್ರಾಂಶಗಳ ಸೆಟ್ಟಿಂಗಿನ ಒಳಗೆಲ್ಲೋ ಇರುತ್ತದೆ. ಡಯಲಿನ ಪಕ್ಕದಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಅಶ್ವಶಕ್ತಿಯ ಡಯಲಿನ ಬಗ್ಗೆ ನನಗೆ ಇನ್ನೂ ಹೆಚ್ಚಿನ ತಕರಾರಿದೆ. ಕೆಲವು ತಂತ್ರಾಂಶಗಳು ಕಾರಿನ ತೂಕವನ್ನು ನಮ್ಮಿಂದ ಕೇಳಿ ಪಡೆದು, ವೇಗ ಎಷ್ಟು ಬೇಗ ಏರಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತವೆ. ನ್ಯೂಟನ್ನನ ನಿಯಮ ಸರಿಯಾಗಿಯೇ ಇದೆ. ಆದರೆ ಕಾರು ತನ್ನ ವೇಗವನ್ನು ಒಂದೇ ಬೈಟಿನಲ್ಲಿ, ಪೂರ್ಣ ಕಿಲೋಮೀಟರುಗಳಲ್ಲಿ ತಿಳಿಸುತ್ತದೆ. ಗಂಟೆಗೆ 72 ಆದ ಮೇಲೆ 73, ನಡುವೆ ಏನೂ ಇಲ್ಲ. ಗಂಟೆಗೆ ಒಂದು ಕಿಲೋಮೀಟರ್ ಎಂದರೆ ಸೆಕೆಂಡಿಗೆ 0.28 ಮೀಟರ್. ಸೆಕೆಂಡಿಗೆ ಐದು ಸಲ ಓದುವ ಸ್ಕ್ಯಾನರಿಗೆ ಈ ಒಂದು ಮೆಟ್ಟಿಲು 1.4ರಷ್ಟು ವೇಗೋತ್ಕರ್ಷವಾಗಿ ಕಾಣುತ್ತದೆ. ಸಾವಿರ ಕಿಲೋಗ್ರಾಮ್ ತೂಕದ ಕಾರು ಗಂಟೆಗೆ 72 ಕಿಲೋಮೀಟರಿನಲ್ಲಿ ಸಾಗುವಾಗ ಇದು ಸುಮಾರು 28 ಕಿಲೋವಾಟ್, ಅಂದರೆ 37 ಅಶ್ವಶಕ್ತಿ! ಬೈಟಿನ ಕೊನೆಯ ಅಂಕಿ ಒಂದು ಹೆಜ್ಜೆ ಹಾರಿದ್ದಕ್ಕೆ ಇಷ್ಟು ಕುದುರೆಗಳು ಲಾಯದಿಂದ ಹೊರಬಂದವು. ತಂತ್ರಾಂಶ ಸರಾಸರಿ ತೆಗೆದು ಈ ಹಾರಾಟವನ್ನು ಮರೆಮಾಡುತ್ತದೆ, ಆಮೇಲೆ ದಶಮಾಂಶ ಬಿಂದುವಿನ ಮುಂದೆಯೂ ಒಂದು ಅಂಕಿ ಬರೆಯುತ್ತದೆ. ಸಾರ್ಥಕ ಅಂಕಿಗಳ ಪಾಠವನ್ನು ಒಣ ವಿಷಯ ಎನ್ನುವ ವಿದ್ಯಾರ್ಥಿಗಳಿಗೆ ಈ ಡಯಲನ್ನು ತೋರಿಸಬೇಕು.

ವೇಗದ ವಿಷಯದಲ್ಲೇ ಇನ್ನೊಂದು ಮಾತು. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ ಇಂಧನ ಉರಿಸುತ್ತದೆ. ಹಳೆಯ ಕೆ-ಲೈನ್ ಕಾರುಗಳಲ್ಲಿ ಮಾಹಿತಿ ಸೆಕೆಂಡಿಗೆ 10,400 ಬಿಟ್ಟುಗಳ ವೇಗದಲ್ಲಿ ಚಲಿಸುತ್ತದೆ. ಹತ್ತು ಅಂಕಿಗಳನ್ನು ಒಟ್ಟಿಗೆ ಕೇಳಿದರೆ ಪ್ರತಿಯೊಂದೂ ಹೊಸದಾಗಲು ಒಂದೆರಡು ಸೆಕೆಂಡೇ ಹಿಡಿಯಬಹುದು. ಈಗಿನ ಕ್ಯಾನ್ ಜಾಲ ಸೆಕೆಂಡಿಗೆ 5 ಲಕ್ಷ ಬಿಟ್ ಸಾಗಿಸಬಲ್ಲದು, ಆದರೆ ಅಗ್ಗದ ಅಡಾಪ್ಟರು ಆ ವೇಗವನ್ನು ಬಳಸಿಕೊಳ್ಳುವುದಿಲ್ಲ. ಹಾಗಾಗಿ ಒಂದು ಸಿಲಿಂಡರು ಒಮ್ಮೆ ಉರಿಯದೆ ಹೋದರೆ ಪರದೆಯ ಗೆರೆಯಲ್ಲಿ ಅದನ್ನು ಹುಡುಕುವುದು ವ್ಯರ್ಥ. ನಿಯಂತ್ರಕ ಮಾತ್ರ ಅದನ್ನು ಹಿಡಿಯಬಲ್ಲದು. ಕ್ರ್ಯಾಂಕಿಗೆ ಜೋಡಿಸಿದ ಹಲ್ಲಿನ ಚಕ್ರದ ಒಂದೊಂದು ಹಲ್ಲು ಹಾದುಹೋಗುವ ಕಾಲವನ್ನು ಅಳೆದು, ಯಾವ ಹೊಡೆತದಲ್ಲಿ ಚಕ್ರ ಸ್ವಲ್ಪ ನಿಧಾನಿಸಿತು ಎಂದು ಅದು ಕಂಡುಕೊಳ್ಳುತ್ತದೆ. ಈ ಸೂಕ್ಷ್ಮ ಕೆಲಸದ ಫಲಿತಾಂಶವಷ್ಟೇ, ಪಿ0301 ಎಂಬಂಥ ಒಂದು ಸಂಕೇತವಾಗಿ ನಮಗೆ ತಲುಪುತ್ತದೆ.

ಇನ್ನು ದೋಷ ಸಂಕೇತಗಳು. ಹಣ ಪೋಲಾಗುವುದು ಇಲ್ಲಿಯೇ. ಪಿ0420 ಎಂದರೆ ಪರಿವರ್ತಕದ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರಿನ, ದಕ್ಷತೆ ಮಿತಿಗಿಂತ ಕಡಿಮೆ ಎಂದರ್ಥ. ಇದನ್ನು ಓದಿದ ಕೂಡಲೇ ದುಬಾರಿ ಪರಿವರ್ತಕವನ್ನು ಬದಲಿಸಿ ಎಂಬ ಸಲಹೆ ಬರುತ್ತದೆ. ಆದರೆ ಕಾರಿನಲ್ಲಿ ಪರಿವರ್ತಕದ ದಕ್ಷತೆಯನ್ನು ಅಳೆಯುವ ಉಪಕರಣವೇ ಇಲ್ಲ. ಸಾಮಾನ್ಯ ಪೆಟ್ರೋಲ್ ಕಾರಿನ ಯಾವ ಸಂವೇದಕವೂ ಇಂಗಾಲದ ಮಾನಾಕ್ಸೈಡನ್ನಾಗಲಿ ಹೈಡ್ರೋಕಾರ್ಬನ್ನನ್ನಾಗಲಿ ಅಳೆಯುವುದಿಲ್ಲ. ಇರುವುದು ಪರಿವರ್ತಕದ ಹಿಂದೊಂದು ಮುಂದೊಂದು ಆಮ್ಲಜನಕ ಸಂವೇದಕ. ಎಂಜಿನ್ ಕಡೆಯ ಸಂವೇದಕದ ವೋಲ್ಟೇಜು 0.1 ಮತ್ತು 0.9ರ ನಡುವೆ ಸತತ ಏರಿಳಿಯುತ್ತದೆ. ಪರಿವರ್ತಕ ಆಮ್ಲಜನಕವನ್ನು ಹಿಡಿದಿಟ್ಟು ಬಿಡುವುದರಿಂದ ಅದರ ಆಚೆಗಿನ ಸಂವೇದಕ ಹೆಚ್ಚುಕಡಿಮೆ ಸ್ಥಿರವಾಗಿರಬೇಕು. ಅದೂ ಕುಣಿಯತೊಡಗಿದರೆ ಪರಿವರ್ತಕ ಸೋತಿದೆ ಎಂದು ನಿಯಂತ್ರಕ ತರ್ಕಿಸುತ್ತದೆ. ಹೊಗೆ ಕೊಳವೆಯಲ್ಲಿ ಸಣ್ಣ ಸೋರಿಕೆಯಿದ್ದರೂ, ಸಂವೇದಕವೇ ಹಳತಾಗಿದ್ದರೂ ಈ ಕುಣಿತ ಕಾಣಬಹುದು. ಸಂಕೇತ ಹೇಳುವುದು ಒಂದು ಅನುಮಾನವನ್ನು, ಓದುವವನು ಕೇಳಿಸಿಕೊಳ್ಳುವುದು ತೀರ್ಪನ್ನು.

ಪಿ0171 ಇನ್ನೂ ಬೋಧಪ್ರದ. ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದು ಅದರ ಅರ್ಥ. ಆಮ್ಲಜನಕ ಸಂವೇದಕವನ್ನು ಬದಲಿಸಿ ನೋಡೋಣ ಎಂಬುದು ಗ್ಯಾರೇಜಿನ ಸುಲಭ ಉತ್ತರ. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆಯೆಂದು ಸರಿಯಾಗಿ ವರದಿ ಮಾಡಿದ ಸಂವೇದಕಕ್ಕೆ ಇದು ಶಿಕ್ಷೆ. ಸುದ್ದಿ ತಂದ ಅಂಚೆಯವನನ್ನು ಕೆಲಸದಿಂದ ತೆಗೆದ ಹಾಗೆ. ಪರದೆಯಲ್ಲಿ ಫ್ಯುಯೆಲ್ ಟ್ರಿಮ್ ಎಂದು ಕಾಣುವ ಇಂಧನ ತಿದ್ದುಪಡಿಯನ್ನು ಓದಲು ಬಂದರೆ ದಾರಿ ತೆರೆಯುತ್ತದೆ. ನಿಯಂತ್ರಕ ತನ್ನ ಮೂಲ ಲೆಕ್ಕಕ್ಕಿಂತ ಶೇಕಡ ಎಷ್ಟು ಇಂಧನವನ್ನು ಹೆಚ್ಚಿಸಬೇಕಾಯಿತು ಅಥವಾ ಇಳಿಸಬೇಕಾಯಿತು ಎಂಬುದೇ ಈ ಅಂಕಿ. ಎಂಜಿನ್ ನಿಧಾನವಾಗಿ ಓಡುವಾಗ +20 ಇದ್ದು, 2500 ಸುತ್ತಿಗೆ ಏರಿಸಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟು ಗಾಳಿ ನುಗ್ಗುತ್ತಿದೆ. ಸೋರಿಕೆಯ ಗಾಳಿ ಬಹುಮಟ್ಟಿಗೆ ಅಷ್ಟೇ ಇರುತ್ತದೆ, ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಸಣ್ಣದಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಎಂಜಿನ್ನಿನ ಮೇಲೆ ಹೊರೆ ಬಿದ್ದಷ್ಟೂ ತಿದ್ದುಪಡಿ ಏರುತ್ತಾ ಹೋದರೆ ಪಂಪಿನ ಒತ್ತಡವನ್ನೋ ಫಿಲ್ಟರನ್ನೋ ಪರೀಕ್ಷಿಸಬೇಕು. ಇಲ್ಲಿ ಸ್ಕ್ಯಾನರ್ ನಿಜವಾಗಿಯೂ ಅದ್ಭುತ ಸಾಧನ. ಒಂದು ಅಂಕಿಯಲ್ಲ, ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ರೋಗವನ್ನು ಹೇಳುತ್ತಿದೆ. ಅಂದಹಾಗೆ, ಶೇಕಡ 10 ಎಥನಾಲಿಗೆ ಹೊಂದಿಸಿದ ಕಾರಿಗೆ ಶೇಕಡ 20ರ ಇಂಧನ ಹಾಕಿದರೆ ತಿದ್ದುಪಡಿ ಸುಮಾರು ನಾಲ್ಕರಷ್ಟು ಮೇಲಕ್ಕೆ ಸರಿಯಬೇಕೆಂದು ಲೆಕ್ಕ ಹೇಳುತ್ತದೆ. ಅದು ದೋಷವಲ್ಲ, ರಸಾಯನಶಾಸ್ತ್ರ.

ಎಲ್ಲ ತಂತ್ರಾಂಶಗಳಲ್ಲೂ ಕೈಗೆಟುಕುವಲ್ಲಿ ಇಟ್ಟಿರುವ ಅಳಿಸುವ ಗುಂಡಿಯ ಬಗ್ಗೆಯೂ ಹೇಳಬೇಕು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಉಷ್ಣತೆ, ಹೊರೆ ಎಷ್ಟಿತ್ತು ಎಂಬ ಚಿತ್ರವನ್ನು ನಿಯಂತ್ರಕ ಜೋಪಾನ ಮಾಡಿರುತ್ತದೆ. ಗುಂಡಿ ಒತ್ತಿದರೆ ಸಂಕೇತದ ಜೊತೆ ಈ ಚಿತ್ರವೂ ಹೋಯಿತು, ಸ್ವಯಂ ಪರೀಕ್ಷೆಗಳ ಫಲಿತಾಂಶಗಳೂ ಹೋದವು. ದೀಪ ಆರಿತೆಂದು ಗಿರಾಕಿ ಖುಷಿಯಾಗುತ್ತಾನೆ. ಹಲವು ದೋಷಗಳಿಗೆ ಸತತ ಎರಡು ಓಟಗಳಲ್ಲಿ ಕಂಡುಬಂದ ಮೇಲಷ್ಟೇ ದೀಪ ಹೊತ್ತುವ ನಿಯಮವಿರುವುದರಿಂದ ಅದು ಮರಳಿ ಹೊತ್ತಲು ಕೆಲವು ದಿನ ಬೇಕು. ಹಳೆಯ ಕಾರು ಕೊಳ್ಳುವವರು ದೀಪ ಆರಿದೆಯೇ ಎಂದು ನೋಡುವುದಕ್ಕಿಂತ ಸ್ವಯಂ ಪರೀಕ್ಷೆಗಳು ಮುಗಿದಿವೆಯೇ ಎಂದು ಸ್ಕ್ಯಾನರಿನಲ್ಲಿ ನೋಡುವುದು ಲೇಸು. ಎಲ್ಲವೂ ಅಪೂರ್ಣ ಎಂದಿದ್ದರೆ ಯಾರೋ ಇತ್ತೀಚೆಗೆ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ.

ಹಾಗಾದರೆ ತರಗತಿಯಲ್ಲಿ ಇದನ್ನು ಹೇಗೆ ಬಳಸಬೇಕು? ಸ್ಕ್ಯಾನರಿನ ಅಂಕಿಯನ್ನು ಬೇರೊಂದು ಅಳತೆಯ ಎದುರು ನಿಲ್ಲಿಸಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಎಂಜಿನ್ ಚಾಲೂ ಮಾಡುವ ಮುನ್ನ ಕೀಲಿಯನ್ನು ಮಾತ್ರ ತಿರುಗಿಸಿ ನೀರಿನ ಉಷ್ಣತೆ, ಒಳಗಾಳಿಯ ಉಷ್ಣತೆ ಓದಿ. ಎರಡೂ ಗೋಡೆಯ ಥರ್ಮಾಮೀಟರಿಗೆ ಹತ್ತಿರವಿರಬೇಕು. ಅದೇ ಸ್ಥಿತಿಯಲ್ಲಿ, ಒಳಗಾಳಿಯ ಒತ್ತಡದ ಸಂವೇದಕವಿರುವ ಕಾರು ಒಂದು ವಾಯುಭಾರಮಾಪಕವೂ ಹೌದು. ಮಂಗಳೂರಿನಲ್ಲಿ ಅದು 101 ಕಿಲೊಪ್ಯಾಸ್ಕಲ್ ಆಸುಪಾಸು ತೋರಿಸಬೇಕು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ ಇನ್ನೂ ಎರಡು ಮೂರು ಕಡಿಮೆ. ಹವಾಮಾನ ಇಲಾಖೆ ಕೊಡುವ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿರುತ್ತಾರೆ, ಅದನ್ನು ನೇರವಾಗಿ ಹೋಲಿಸಬಾರದು. ಎಂಜಿನ್ ಚಾಲೂ ಮಾಡಿದೊಡನೆ ಇದೇ ಅಂಕಿ 30-40ಕ್ಕೆ ಕುಸಿಯುತ್ತದೆ. ನಿರ್ವಾತ ಎಂಬ ಪದಕ್ಕೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಆಗ ಅರ್ಥ ಬರುತ್ತದೆ. ಹಳೆಯ ಥರ್ಮಿಸ್ಟರೊಂದನ್ನು ಬಿಸಿನೀರಿನಲ್ಲಿ ಮುಳುಗಿಸಿ ಮಲ್ಟಿಮೀಟರಿನಿಂದ ರೋಧ ಅಳೆದು ನಕ್ಷೆ ಬರೆಸಿದರೆ ಮೈನಸ್ 40ರ ರಹಸ್ಯವೂ ಬಿಡಿಸಿಕೊಳ್ಳುತ್ತದೆ.

ಅಡಾಪ್ಟರುಗಳ ವಿಷಯದಲ್ಲಿ ಎಚ್ಚರ ಬೇಕು. ಅಗ್ಗದವುಗಳಲ್ಲಿ ಬಹುಪಾಲು ಕೆನಡದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್ಎಂ327 ಎಂಬ ಚಿಪ್ಪಿನ ನಕಲುಗಳು. ಮೊದಲ ಆವೃತ್ತಿಯ ಚಿಪ್ಪಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ. ಮೂಲ ಸಂಸ್ಥೆ 2022ರಲ್ಲಿ ಬಾಗಿಲು ಮುಚ್ಚಿತು. ಪೆಟ್ಟಿಗೆಯ ಮೇಲಿನ ಆವೃತ್ತಿಯ ಸಂಖ್ಯೆಯನ್ನು ನಂಬುವಂತಿಲ್ಲ. ಮೂಲ ಸಂಸ್ಥೆ ಹೊರತರದೇ ಇದ್ದ 1.5 ಎಂಬ ಆವೃತ್ತಿ ಕೂಡ ಮಾರುಕಟ್ಟೆಯಲ್ಲಿ ಧಾರಾಳವಾಗಿ ಮಾರಾಟವಾಗಿದೆ. ಕೆಲವು ನಕಲುಗಳು ಸರಳ ಪ್ರಶ್ನೆಗಳಿಗೆ ಸರಿಯಾಗಿ ಕೆಲಸ ಮಾಡಿ, ಉದ್ದನೆಯ ಉತ್ತರ ಬಂದಾಗ ತಡವರಿಸುತ್ತವೆ. ಆಗ ಕಾರು ಉತ್ತರಿಸುತ್ತಿಲ್ಲ ಎಂಬ ಸಂದೇಶ ಬರುತ್ತದೆ, ಪಾಪ, ಕಾರು ಉತ್ತರಿಸಿರುತ್ತದೆ.

ಕಾರು ನಿಜವಾಗಿಯೂ ಹೇಳಲೊಪ್ಪದ ಮಾತುಗಳೂ ಇವೆ. ನಿಯಮ ಕಡ್ಡಾಯ ಮಾಡಿದ ಅಂಕಿಗಳ ಹೊರತಾಗಿ ಉಳಿದದ್ದನ್ನು ತಯಾರಕರು ತಮ್ಮ ಅಧಿಕೃತ ಉಪಕರಣಕ್ಕಷ್ಟೇ ತೆರೆದಿಡುತ್ತಾರೆ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ಮೇಲೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿದಾಗ, ಬಿಡಿಭಾಗಗಳ ಜೊತೆಗೆ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಆ ಪ್ರಕರಣದ ಮುಖ್ಯ ಅಂಶವಾಗಿತ್ತು. ತಯಾರಕರು ಮೇಲ್ಮನವಿ ಹೋದರು. ರಸ್ತೆ ಬದಿಯ ಮೆಕ್ಯಾನಿಕ್ಕಿಗೆ ಊಹೆಯೇ ಗತಿಯಾಗಿದ್ದರೆ ಅದಕ್ಕೆ ಅವನ ಅಜ್ಞಾನವೊಂದೇ ಕಾರಣವಲ್ಲ.

ಸ್ಕ್ಯಾನರ್ ನಮಗೆ ತಿಳಿಸುವುದು ಎಂಜಿನ್ನಿನ ಸ್ಥಿತಿಯನ್ನಲ್ಲ, ಎಂಜಿನ್ನಿನ ಬಗ್ಗೆ ನಿಯಂತ್ರಕದ ಅಭಿಪ್ರಾಯವನ್ನು. ಆ ಅಭಿಪ್ರಾಯವನ್ನು ಬರೆದವರು ತಯಾರಕರೇ. ಇದರ ಅರ್ಥ ಜಗತ್ತಿಗೆ ತಿಳಿದದ್ದು 2015ರಲ್ಲಿ. ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ ಮೂರು ಡೀಸೆಲ್ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯಿತು. ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಆ ತಂಡದಲ್ಲಿದ್ದರು. ಅವರು ಕಾರಿನ ಕನೆಕ್ಟರಿನ ಮಾತನ್ನು ನಂಬಿ ಕೂರಲಿಲ್ಲ. ಹೊಗೆ ಕೊಳವೆಗೆ ನಳಿಗೆ ಜೋಡಿಸಿ, ಅನಿಲ ವಿಶ್ಲೇಷಕವನ್ನು ಕಾರಿನಲ್ಲೇ ಹೇರಿಕೊಂಡು ಕ್ಯಾಲಿಫೋರ್ನಿಯದ ಊರುಗಳಲ್ಲೂ ಹೆದ್ದಾರಿಗಳಲ್ಲೂ ಓಡಾಡಿದರು. ಫೋಕ್ಸ್‌ವ್ಯಾಗನ್ ಜೆಟ್ಟಾ ಕಾರು ಸಾರಜನಕದ ಆಕ್ಸೈಡುಗಳನ್ನು ಮಿತಿಯ 15ರಿಂದ 35 ಪಟ್ಟು, ಪಸಾಟ್ ಕಾರು 5ರಿಂದ 20 ಪಟ್ಟು ಉಗುಳುತ್ತಿತ್ತು. ಅವೇ ಕಾರುಗಳು ಪ್ರಯೋಗಶಾಲೆಯ ರೋಲರುಗಳ ಮೇಲೆ ಸಾಧುಗಳಾಗಿದ್ದವು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ವೇಷ ಬದಲಿಸುವ ತಂತ್ರಾಂಶ ಅವುಗಳಲ್ಲಿತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟೀಸು ಕೊಟ್ಟಿತು. ಜಗತ್ತಿನಾದ್ಯಂತ ಇಂಥ 1 ಕೋಟಿ 10 ಲಕ್ಷ ಕಾರುಗಳಿದ್ದವೆಂದು ಕಂಪನಿ ಒಪ್ಪಿಕೊಂಡಿತು.

ಇಷ್ಟು ಹೊಗೆ ಹೋಗುತ್ತಿದ್ದಾಗಲೂ ಆ ಕಾರುಗಳಲ್ಲಿ ಹಳದಿ ದೀಪ ಹೊತ್ತಿರಲಿಲ್ಲ. ಏಕೆಂದರೆ ಯಾವುದನ್ನು ದೋಷವೆಂದು ಕರೆಯಬೇಕು ಎಂದು ನಿರ್ಧರಿಸುತ್ತಿದ್ದದ್ದೂ ಅದೇ ತಂತ್ರಾಂಶ. ಭಾರತದಲ್ಲಿ ಭಾರತ್ ಸ್ಟೇಜ್ 6ರ ಎರಡನೆಯ ಹಂತದಿಂದ, ಅಂದರೆ 2023ರ ಏಪ್ರಿಲ್‌ನಿಂದ, ಹೊಸ ಮಾದರಿಗಳಿಗೆ ಒಪ್ಪಿಗೆ ಕೊಡುವಾಗ ರಸ್ತೆಯ ಮೇಲಿನ ಅಳತೆಯನ್ನೂ ನಿಯಮಕ್ಕೆ ಸೇರಿಸಿದ್ದು ಈ ಪ್ರಕರಣದ ನಂತರದ ಬೆಳವಣಿಗೆ. ಒಪ್ಪಿಗೆ ಪಡೆದು ಮಾರಾಟವಾದ ಕಾರು ಮಾತ್ರ ಆಮೇಲೆ ಊರಿನ ಹೊಗೆ ತಪಾಸಣಾ ಕೇಂದ್ರಕ್ಕೆ ಬರುತ್ತದೆ. ಅಲ್ಲಿ ಪೆಟ್ರೋಲ್ ಕಾರಾದರೆ ನಿಂತಲ್ಲೇ ಓಡುವ ಎಂಜಿನ್ನಿನ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನು, ಡೀಸೆಲ್ ಕಾರಾದರೆ ಹೊಗೆಯ ಕಪ್ಪನ್ನು ನೋಡುತ್ತಾರೆ. ಜೆಟ್ಟಾ ಸಿಕ್ಕಿಬಿದ್ದ ಸಾರಜನಕದ ಆಕ್ಸೈಡುಗಳಿಗೆ ಬಣ್ಣದ ಹೊಗೆಯಿಲ್ಲ.